ಪಾಳಿ ಪುಸ್ತಕದಲ್ಲಿ ಬರೆಯದ ಸಾಲು

ನಮ್ಮ ಮನೆಯಲ್ಲಿ ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ಕೊಂದಿದೆ. ಅಜ್ಜಿಯ ಮಂಚದ ಪಕ್ಕ ಸ್ಟೂಲಿನ ಮೇಲೆ, ಮಾತ್ರೆ ಡಬ್ಬಿ ಮತ್ತು ನೀರಿನ ಚೊಂಬಿನ ಜೊತೆ ಅದರ ಜಾಗ. 2024ರ ಅಕ್ಟೋಬರಿನಿಂದ ಅದರಲ್ಲಿ ದಿನವೂ ಬರೆಯುತ್ತಾ ಬಂದಿದ್ದೇವೆ. ‘10.20: ಮಾತ್ರೆ ಕೊಟ್ಟೆ.’ ‘12.45: ಬಚ್ಚಲಿಗೆ ಕರೆದುಕೊಂಡು ಹೋಗಿ ಬಂದೆ.’ ‘3.10: ಊರಿಗೆ ಹೋಗಬೇಕು ಅಂತ ಹಟ, ಸಮಾಧಾನ ಮಾಡಿದೆ.’ ರಾತ್ರಿ ಹತ್ತರಿಂದ ಎರಡರವರೆಗೆ ಅಮ್ಮನ ಅಕ್ಷರ. ಎರಡರಿಂದ ಬೆಳಗಿನ ಆರರವರೆಗೆ ನನ್ನದು.

ಅಜ್ಜಿಗೆ ಎಂಬತ್ತು ದಾಟಿದೆ. ಮರೆವಿನ ಕಾಯಿಲೆ. ಹಗಲೆಲ್ಲ ಸುಮ್ಮನೆ ಕಿಟಕಿಯ ಹತ್ತಿರ ಕುಳಿತಿರುವವಳು ರಾತ್ರಿಯಾದರೆ ಎದ್ದು ಹೊರಡುತ್ತಾಳೆ. ಅವಳು ಪಾಂಡವಪುರದ ಕಡೆಯ ಹಳ್ಳಿಯವಳು. ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿ ಬದುಕಿದ ಮನೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಒಬ್ಬೊಬ್ಬರ ಗದ್ದೆಗೂ ಒಂದೊಂದು ಹೊತ್ತು. ನಮ್ಮ ಹೊತ್ತು ನಡುರಾತ್ರಿಗೆ ಬಿದ್ದರೆ ನಡುರಾತ್ರಿಯಲ್ಲೇ ಲಾಟೀನು ಹಿಡಿದು ಹೋಗಬೇಕಿತ್ತು. ಎಲ್ಲವನ್ನೂ ಮರೆತ ಅಜ್ಜಿಗೆ ಇದೊಂದು ಮರೆತಿಲ್ಲ. ಕುವೆಂಪುನಗರದ ಈ ಬಾಡಿಗೆ ಮನೆಯಲ್ಲಿ, ಗದ್ದೆಯಿಂದ ಎಷ್ಟೋ ದೂರದಲ್ಲಿ, ರಾತ್ರಿ ಎದ್ದು ನನ್ನ ಭುಜ ಅಲ್ಲಾಡಿಸುತ್ತಾಳೆ: “ಏಳು ಮಗ, ಇವತ್ತು ನೀರು ನಮ್ದು. ಮಲಗಿಬಿಟ್ರೆ ಹೋಯ್ತು.”

ಹಾಗಾಗಿ ನಾವೂ ಪಾಳಿ ಹಾಕಿಕೊಂಡೆವು. ಅಮ್ಮ ಸರ್ಕಾರಿ ಶಾಲೆಯ ಟೀಚರು, ಬೆಳಗ್ಗೆ ಎಂಟಕ್ಕೆ ಮನೆ ಬಿಡಬೇಕು. ನಾನು ಪಿಎಚ್.ಡಿ. ವಿದ್ಯಾರ್ಥಿನಿ, ನನ್ನ ಹಗಲುಗಳು ಸ್ವಲ್ಪ ಸಡಿಲ. ವಿಷಯ ನೀತಿಶಾಸ್ತ್ರ. ಒಬ್ಬ ವ್ಯಕ್ತಿ ಯಾವುದಕ್ಕೆ ಹೊಣೆ, ಯಾವುದಕ್ಕೆ ಅಲ್ಲ ಎಂಬುದರ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳಲಿರುವುದನ್ನು ಓದಿದ ಮೇಲೆ ಯಾರಾದರೂ ನಕ್ಕರೆ ಅದು ನ್ಯಾಯವೇ.

ನನ್ನ ಪಾಳಿಯಲ್ಲಿ ಎಚ್ಚರವಾಗಿರಲು ಫೋನು ನೋಡುತ್ತಿದ್ದೆ. ಹಾಗೆ ಒಂದು ರಾತ್ರಿ ಸಿಕ್ಕಿದ ಸುದ್ದಿ, ತಾರಿಣಿಯದು. ಭಾರತೀಯ ನೌಕಾಪಡೆಯ ಹಾಯಿದೋಣಿ. 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟಿತ್ತು. ಅದರಲ್ಲಿದ್ದವರು ಇಬ್ಬರೇ: ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಮತ್ತು ಲೆಫ್ಟಿನೆಂಟ್ ಕಮಾಂಡರ್ ರೂಪಾ ಎ. ಆಸ್ಟ್ರೇಲಿಯಾದ ಫ್ರಿಮ್ಯಾಂಟಲ್, ನ್ಯೂಜಿಲೆಂಡಿನ ಲಿಟಲ್ಟನ್, ಫಾಕ್‌ಲ್ಯಾಂಡ್ ದ್ವೀಪಗಳ ಪೋರ್ಟ್ ಸ್ಟ್ಯಾನ್ಲಿ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್, ಮತ್ತೆ ಗೋವಾ. ಗಾಳಿಯ ಬಲದಿಂದ ಭೂಮಿಗೆ ಒಂದು ಸುತ್ತು. ನಮ್ಮ ನೋಟ್‌ಬುಕ್ಕು ಶುರುವಾದ ತಿಂಗಳಲ್ಲೇ ಅವರ ಪ್ರಯಾಣವೂ ಶುರುವಾಗಿತ್ತು. ಆ ಕಾರಣಕ್ಕೇ ಇರಬೇಕು, ಅವರು ಎಲ್ಲಿದ್ದಾರೆ ಎಂದು ನೋಡುವುದು ನನ್ನ ಪಾಳಿಯ ಒಂದು ಕೆಲಸವಾಯಿತು.

ಸಮುದ್ರವನ್ನು ನಾನು ಗೋಕರ್ಣ, ಮುರುಡೇಶ್ವರದ ಕಾಲೇಜು ಪ್ರವಾಸಗಳಲ್ಲಿ ನೋಡಿದ್ದಷ್ಟೆ. ಹಾಯಿದೋಣಿ ಎಂದಾಗ ನನ್ನ ಕಣ್ಣಮುಂದೆ ಬರುತ್ತಿದ್ದುದು ಬಿರುಗಾಳಿ, ಬೆಟ್ಟದಂಥ ಅಲೆ, ಸಾಹಸ. ಓದುತ್ತಾ ಹೋದಂತೆ ತಿಳಿದದ್ದು, ಅಲ್ಲಿನ ದಿನಚರಿಯಲ್ಲಿ ಹೆಚ್ಚಿನ ಪಾಲು ಮನೆಗೆಲಸವೇ. ತಾರಿಣಿಯ ಉದ್ದ 55 ಅಡಿ, ಎಂದರೆ ಸುಮಾರು 17 ಮೀಟರ್. ನಮ್ಮ ಊರಿನ ಒಂದೂವರೆ ಬಸ್ಸಿನಷ್ಟು. ಅಷ್ಟರಲ್ಲೇ ಅಡುಗೆ, ನಿದ್ದೆ, ನಕ್ಷೆಯ ಮೇಜು, ಶೌಚ, ರಿಪೇರಿ ಸಾಮಾನು, ತಿಂಗಳುಗಟ್ಟಲೆಯ ದಿನಸಿ. ಇಂಥ ದೋಣಿಗಳಲ್ಲಿ ಒಲೆಯನ್ನು ತೊಟ್ಟಿಲಿನ ಹಾಗೆ ತೂಗುಹಾಕಿರುತ್ತಾರೆ. ದೋಣಿ ವಾಲಿದರೂ ಪಾತ್ರೆ ನೆಟ್ಟಗೆ ನಿಲ್ಲಬೇಕಲ್ಲ. ಮಲಗುವ ಹಲಗೆಯ ಪಕ್ಕಕ್ಕೆ ದಪ್ಪ ಬಟ್ಟೆ ಎಳೆದು ಕಟ್ಟುತ್ತಾರೆ, ನಿದ್ದೆಯಲ್ಲಿ ಉರುಳಿ ಬೀಳದಂತೆ. ಮೇಲೆ ಹೋಗುವಾಗ ಸೊಂಟದ ಪಟ್ಟಿಯನ್ನು ಹಗ್ಗದಿಂದ ದೋಣಿಗೆ ಸಿಕ್ಕಿಸಿಕೊಳ್ಳಬೇಕು. ಸವೆದ ಹಗ್ಗ ಹುಡುಕುವುದು, ಹರಿದ ಹಾಯಿ ಹೊಲಿಯುವುದು, ಒಳಗೆ ಸೇರಿದ ನೀರನ್ನು ಹೊರಹಾಕುವುದು, ಒಣಗದ ಬಟ್ಟೆಯನ್ನೇ ಮತ್ತೆ ತೊಡುವುದು. ಮಾರನೆಯ ದಿನವೂ ಅದೇ.

ಈ ಎಲ್ಲ ಕೆಲಸಗಳ ಕೆಳಗೆ ಒಂದೇ ಒಂದು ಏರ್ಪಾಡಿದೆ. ಅದು ಪಾಳಿ. ನೌಕೆಯವರು ಅದನ್ನು ವಾಚ್ ಎನ್ನುತ್ತಾರೆ. ದೋಣಿ ರಾತ್ರಿ ನಿಲ್ಲುವುದಿಲ್ಲ. ಸಾಗರದ ನಡುವೆ ಲಂಗರು ಹಾಕಲು ತಳ ಎಟುಕುವುದಿಲ್ಲ. ಆದ್ದರಿಂದ ಇಬ್ಬರಿದ್ದರೆ ಒಬ್ಬರು ಮಲಗಿದಾಗ ಇನ್ನೊಬ್ಬರು ಎಚ್ಚರ. ಗಾಳಿ ದಿಕ್ಕು ಬದಲಿಸಿತೇ, ದೂರದಲ್ಲಿ ಹಡಗಿನ ದೀಪವೇ, ಹಾಯಿ ಕಿರಿದು ಮಾಡಬೇಕೇ ಎಂದೆಲ್ಲ ಮೇಲಿರುವವರು ನೋಡಿಕೊಳ್ಳುತ್ತಾರೆಂದೇ ಕೆಳಗಿರುವವರಿಗೆ ನಿದ್ದೆ ಬರುವುದು. 2017ರ ಸೆಪ್ಟೆಂಬರ್ 10ರಿಂದ 2018ರ ಮೇ 21ರವರೆಗೆ ಇದೇ ತಾರಿಣಿಯಲ್ಲಿ ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಆರು ಮಹಿಳಾ ಅಧಿಕಾರಿಗಳು ಭೂಮಿ ಸುತ್ತಿ ಬಂದಿದ್ದರು. ಆರು ಜನರಲ್ಲಿ ಪಾಳಿ ಹಂಚಿಕೊಳ್ಳಬಹುದು. ಇಬ್ಬರೇ ಇದ್ದಾಗ ನಿಮ್ಮ ನಿದ್ದೆ ಪೂರ್ತಿಯಾಗಿ ಒಬ್ಬರೇ ಒಬ್ಬರ ಕೈಯಲ್ಲಿ.

ನನಗೆ ಇದನ್ನು ಓದಿದಾಗ ಅಮ್ಮನ ಮುಖ ನೆನಪಾಯಿತು. ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿ, ತಾನು ಹೋಗಿ ಮಲಗಿದರೆ ಎರಡೇ ನಿಮಿಷದಲ್ಲಿ ಅವಳಿಗೆ ನಿದ್ದೆ. ಮೊದಲು ಅದನ್ನು ದಣಿವು ಅಂದುಕೊಂಡಿದ್ದೆ. ದಣಿವಿನ ಜೊತೆಗೆ ಅದರಲ್ಲಿ ನಂಬಿಕೆಯೂ ಇತ್ತು.

ಹಾಗಾದರೆ ಒಬ್ಬರೇ ಹೋಗುವವರ ಕಥೆ ಏನು? ತಾರಿಣಿಗೆ ಒಬ್ಬಳು ಅಕ್ಕ ಇದ್ದಾಳೆ, ಮ್ಹಾದೇಯಿ ಎಂಬ ದೋಣಿ. ನಾವು ಕನ್ನಡದಲ್ಲಿ ಮಹದಾಯಿ ಎನ್ನುವ, ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿ ಗೋವಾಕ್ಕೆ ಇಳಿದು ಮಾಂಡವಿಯಾಗಿ ಸಮುದ್ರ ಸೇರುವ ನದಿಯ ಹೆಸರದು. ಕಳಸಾ-ಬಂಡೂರಿಯ ಜಗಳದಿಂದಾಗಿ ನಮಗೆ ಚೆನ್ನಾಗಿ ಗೊತ್ತಿರುವ ನದಿ. ಗೋವಾದಲ್ಲಿ ರತ್ನಾಕರ ದಾಂಡೇಕರರ ದೋಣಿ ಕಾರ್ಖಾನೆಯಲ್ಲಿ ಕಟ್ಟಿದ ಮ್ಹಾದೇಯಿ 2009ರಲ್ಲಿ ನೌಕಾಪಡೆ ಸೇರಿತು. ಅದೇ ವರ್ಷ ಆಗಸ್ಟ್‌ನಲ್ಲಿ ದಿಲೀಪ್ ದೋಂದೆ ಅದರಲ್ಲಿ ಒಬ್ಬರೇ ಮುಂಬಯಿಯಿಂದ ಹೊರಟು 2010ರ ಮೇ ತಿಂಗಳಲ್ಲಿ ಭೂಮಿ ಸುತ್ತಿ ಬಂದರು. ಹಾಗೆ ಮಾಡಿದ ಮೊದಲ ಭಾರತೀಯ ಅವರು. 2012ರ ನವೆಂಬರಿನಿಂದ 2013ರ ಮಾರ್ಚ್‌ವರೆಗೆ ಅಭಿಲಾಷ್ ಟಾಮಿ ಅದೇ ದೋಣಿಯಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಸುತ್ತಿದರು.

ಒಬ್ಬರೇ ಹೋಗುವವರಿಗೂ ನಿದ್ದೆ ಬೇಕು. ಹಡಗುಗಳ ಓಡಾಟವಿರುವ ಕಡೆ ಅವರು ಅಲಾರಂ ಇಟ್ಟುಕೊಂಡು ಚೂರುಚೂರು ನಿದ್ದೆ ಮಾಡುತ್ತಾರೆ. ಎದ್ದು ಸುತ್ತ ಕಣ್ಣು ಹಾಯಿಸಿ ಮತ್ತೆ ಮಲಗುತ್ತಾರೆ. ಆದರೆ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿ ಐದನೆಯದು, ಪ್ರತಿಯೊಂದು ನೌಕೆಯೂ ಎಲ್ಲ ಹೊತ್ತಿನಲ್ಲೂ ಕಣ್ಣು ಕಿವಿಗಳಿಂದ ಕಾವಲು ಕಾಯಬೇಕು ಎನ್ನುತ್ತದೆ. ಎಲ್ಲ ಹೊತ್ತಿನಲ್ಲೂ ಎಂದರೆ ಒಬ್ಬಂಟಿ ನಾವಿಕ ಕಣ್ಣು ಮುಚ್ಚಿದ ಪ್ರತಿ ನಿಮಿಷವೂ ಆ ನಿಯಮವನ್ನು ಮುರಿದಂತೆ. ಹಾಗೆಂದು ಅವನನ್ನು ತಪ್ಪಿತಸ್ಥ ಎನ್ನಲು ನಮಗೆ ಮನಸ್ಸು ಬರುವುದಿಲ್ಲ. ದೇಹಕ್ಕೆ ಆಗದ್ದನ್ನು ಮಾಡೆಂದು ನೀತಿ ಕೇಳಲಾರದು. ಆದರೆ ಅವನ ನಿದ್ದೆ ಪುಕ್ಕಟೆಯೂ ಅಲ್ಲ. ಆ ಹೊತ್ತಿನಲ್ಲಿ ಎಲ್ಲೋ ಹೋಗುತ್ತಿರುವ ಸರಕು ಹಡಗಿನ ಸೇತುವೆಯ ಮೇಲೆ ನಿಂತ ಅಪರಿಚಿತ ಕಾವಲಿನವನ ಎಚ್ಚರವನ್ನು ಅವನು ಸಾಲ ಪಡೆಯುತ್ತಿರುತ್ತಾನೆ.

1895ರಿಂದ 1898ರವರೆಗೆ ಮೊದಲ ಬಾರಿಗೆ ಒಬ್ಬಂಟಿಯಾಗಿ ಭೂಮಿ ಸುತ್ತಿದ ಜೋಶುವಾ ಸ್ಲೋಕಮ್ ತನ್ನ ಪುಸ್ತಕದಲ್ಲಿ ಒಂದು ಪ್ರಸಂಗ ಹೇಳುತ್ತಾನೆ. ಅಜೋರ್ಸ್ ದ್ವೀಪಗಳನ್ನು ಬಿಟ್ಟ ಮೇಲೆ, ತಿಂದದ್ದು ಒಗ್ಗದೆ ಹೊಟ್ಟೆನೋವಿನಿಂದ ಅವನು ಒಳಗೆ ಬಿದ್ದುಕೊಂಡಿದ್ದ. ಕಣ್ಣು ತೆರೆದು ನೋಡಿದರೆ ಚುಕ್ಕಾಣಿಯ ಬಳಿ ಎತ್ತರದ ಮನುಷ್ಯನೊಬ್ಬ ನಿಂತಿದ್ದಾನೆ. ಕೊಲಂಬಸ್‌ನ ಪಿಂಟಾ ಹಡಗಿನ ನಾವಿಕ ನಾನು, ದೋಣಿ ನಾನು ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಭ್ರಮೆಯೇ ಇರಬಹುದು. ನನಗೆ ಅದರಲ್ಲಿ ಕಾಣುವುದು ಇಷ್ಟು: ಮಲಗಲೇಬೇಕಾದ ಮನುಷ್ಯನ ಮನಸ್ಸು, ಪಾಳಿ ವಹಿಸಿಕೊಳ್ಳಲು ಯಾರೂ ಇಲ್ಲದಿದ್ದರೆ ಒಬ್ಬರನ್ನು ಹುಟ್ಟಿಸಿಕೊಳ್ಳುತ್ತದೆ.

ಈಗ ನನ್ನ ರಾತ್ರಿಗೆ ಬರುತ್ತೇನೆ.

2025ರ ಫೆಬ್ರವರಿ ಮೊದಲ ವಾರ. ತಾರಿಣಿ ಪೆಸಿಫಿಕ್‌ನಲ್ಲಿ ಪಾಯಿಂಟ್ ನೆಮೊ ದಾಟಿತ್ತು. ಯಾವ ನೆಲಕ್ಕೂ ಅತಿ ದೂರವಾದ ಜಾಗ ಅದು. ಹತ್ತಿರದ ದ್ವೀಪವೇ 2,600 ಕಿಲೋಮೀಟರಿಗಿಂತ ಆಚೆ. ಮುಂದಿನದು ಕೇಪ್ ಹಾರ್ನ್. ನಾನು ಅಜ್ಜಿಯ ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತು ಅದನ್ನೇ ಓದುತ್ತಿದ್ದೆ. ಹಿಂದಿನ ಎರಡು ದಿನ ಒಂದು ಸೆಮಿನಾರಿನ ಲೇಖನಕ್ಕಾಗಿ ಹಗಲೂ ಮಲಗಿರಲಿಲ್ಲ. ಯಾವಾಗ ಕಣ್ಣು ಮುಚ್ಚಿತೋ ತಿಳಿಯದು. ಎಚ್ಚರವಾದಾಗ ನಾಲ್ಕೂ ಕಾಲು. ಮಂಚ ಖಾಲಿ. ಮುಂಬಾಗಿಲು ಅರ್ಧ ತೆರೆದಿತ್ತು.

ಅಜ್ಜಿ ಗೇಟಿನ ಒಳಗೇ ನಿಂತಿದ್ದಳು, ಚಪ್ಪಲಿಯಿಲ್ಲದೆ. ಗೇಟಿನ ಕೊಂಡಿ ತೆಗೆಯಲು ಬಾರದೆ ಅದನ್ನೇ ನೋಡುತ್ತಿದ್ದಳು. “ತೂಬು ಬಿಗಿಯಾಗಿದೆ ಕಣ್ ಮಗ” ಎಂದಳು. ಕೈ ಹಿಡಿದು ಒಳಗೆ ಕರೆತಂದೆ. ಕಾಲು ತಣ್ಣಗಾಗಿತ್ತು, ಟವೆಲಿನಿಂದ ಒರೆಸಿ ಹೊದಿಕೆ ಹೊದಿಸಿದೆ. ಮಲಗಿದಳು. ಅಮ್ಮನಿಗೆ ಎಚ್ಚರವಾಗಿರಲಿಲ್ಲ.

ಆಮೇಲೆ ನೋಟ್‌ಬುಕ್ಕು ತೆಗೆದುಕೊಂಡೆ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತಿದ್ದು ನೆನಪಿದೆ. ಬರೆದೆ: ‘2ರಿಂದ 6: ಚೆನ್ನಾಗಿ ನಿದ್ದೆ. ಏಳಲಿಲ್ಲ.’

ಅದು ನನ್ನ ನಿದ್ದೆಯ ವರದಿಯಾಗಿದ್ದರೆ ನಿಜವೇ ಆಗುತ್ತಿತ್ತು. ಬರೆದದ್ದು ಅಜ್ಜಿಯ ಹೆಸರಿನಲ್ಲಿ.

ದೋಣಿಯಲ್ಲೂ ಇಂಥದ್ದೇ ಒಂದು ಪುಸ್ತಕ ಇರುತ್ತದೆ, ಲಾಗ್ ಪುಸ್ತಕ. ಲಾಗ್ ಎಂದರೆ ಮರದ ತುಂಡು. ಹಿಂದಿನ ಕಾಲದಲ್ಲಿ ಗಂಟು ಹಾಕಿದ ಹಗ್ಗಕ್ಕೆ ಮರದ ಹಲಗೆ ಕಟ್ಟಿ ನೀರಿಗೆ ಬಿಟ್ಟು, ನಿಗದಿತ ಸಮಯದಲ್ಲಿ ಎಷ್ಟು ಗಂಟು ಕೈಯಿಂದ ಜಾರಿತೆಂದು ಎಣಿಸಿ ವೇಗ ತಿಳಿಯುತ್ತಿದ್ದರು. ಆ ಲೆಕ್ಕ ಬರೆದಿಡುವ ಪುಸ್ತಕಕ್ಕೆ ಮರದ ತುಂಡಿನ ಹೆಸರೇ ಬಂತು. ವೇಗದ ಅಳತೆಗೆ ಗಂಟಿನ ಹೆಸರು, ನಾಟ್. ಪಾಳಿ ಮುಗಿಸುವವರು ಹೊತ್ತು, ದಿಕ್ಕು, ವೇಗ, ಗಾಳಿ, ವಾಯುಭಾರ ಬರೆಯುತ್ತಾರೆ. ಸೂರ್ಯ ನಕ್ಷತ್ರ ಕಾಣದ, ಉಪಗ್ರಹದ ನೆರವಿಲ್ಲದ ದಿನಗಳಲ್ಲಿ ದೋಣಿ ಎಲ್ಲಿದೆಯೆಂದು ತಿಳಿಯಲು ಆ ಪುಸ್ತಕವೇ ಗತಿ. ಹಿಂದಿನ ಜಾಗ ಇದು. ಐದು ನಾಟ್ ವೇಗದಲ್ಲಿ ನಾಲ್ಕು ಗಂಟೆ ಪೂರ್ವಕ್ಕೆ ಹೋದೆವು. ಆದ್ದರಿಂದ ಈಗ ಇಪ್ಪತ್ತು ನಾಟಿಕಲ್ ಮೈಲಿ ಪೂರ್ವದಲ್ಲಿದ್ದೇವೆ. ಮುಂದಿನ ಪಾಳಿಯವರು ಅಲ್ಲಿಂದ ಮುಂದಕ್ಕೆ ಲೆಕ್ಕ ಹಾಕುತ್ತಾರೆ. ಒಂದು ಸಾಲು ತಪ್ಪಿದ್ದರೆ ಆಮೇಲಿನ ಎಲ್ಲ ಸಾಲುಗಳೂ, ಎಷ್ಟೇ ಪ್ರಾಮಾಣಿಕವಾಗಿ ಬರೆದರೂ, ತಪ್ಪೇ.

ಸುಳ್ಳು ಲಾಗ್ ಬರೆದವರಲ್ಲಿ ಎಲ್ಲರಿಗಿಂತ ಹೆಸರಾದವನು ಡೊನಾಲ್ಡ್ ಕ್ರೌಹರ್ಸ್ಟ್. 1968ರಲ್ಲಿ ಇಂಗ್ಲೆಂಡಿನ ಸಂಡೇ ಟೈಮ್ಸ್ ಪತ್ರಿಕೆ ಒಬ್ಬಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆ ನಡೆಸಿತು. ಒಂಬತ್ತು ಜನ ಹೊರಟರು. ಹೊರಡಲು ಕೊನೆಯ ದಿನವಾದ ಅಕ್ಟೋಬರ್ 31ರಂದು ಕ್ರೌಹರ್ಸ್ಟ್ ಪೂರ್ತಿ ಸಿದ್ಧವಾಗದ ದೋಣಿಯಲ್ಲಿ ಹೊರಟ. ದಕ್ಷಿಣ ಸಾಗರಕ್ಕೆ ಹೋದರೆ ಆ ದೋಣಿ ಉಳಿಯುವುದಿಲ್ಲವೆಂದು ಬೇಗನೆ ಅವನಿಗೆ ಗೊತ್ತಾಯಿತು. ಹಿಂತಿರುಗಿದರೆ ಒಪ್ಪಂದದ ಪ್ರಕಾರ ದೋಣಿಯ ಹಣ ಅವನ ತಲೆಗೇ, ಮನೆಮಠ ಹೋಗುತ್ತಿತ್ತು. ಅವನು ಅಟ್ಲಾಂಟಿಕ್‌ನಲ್ಲೇ ಉಳಿದು ಸುಳ್ಳು ಜಾಗಗಳನ್ನು ರೇಡಿಯೋದಲ್ಲಿ ತಿಳಿಸಿದ. ನಿಜವಾದ ಲೆಕ್ಕ ಒಂದು ಕಡೆ, ಹೋಗದ ಪ್ರಯಾಣದ ಲೆಕ್ಕ ಇನ್ನೊಂದು ಕಡೆ. 1969ರ ಜುಲೈ 10ರಂದು ಅವನ ದೋಣಿ ಖಾಲಿಯಾಗಿ ತೇಲುತ್ತಿದ್ದುದು ಸಿಕ್ಕಿತು. ಪುಸ್ತಕಗಳು ಒಳಗಿದ್ದವು, ಅವನಿರಲಿಲ್ಲ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಕ್ರೌಹರ್ಸ್ಟ್‌ನ ಒಂಟಿತನದ ಬಗ್ಗೆ ಮಾತಾಡುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ನೈಜೆಲ್ ಟೆಟ್ಲಿ. ಅದೇ ಸ್ಪರ್ಧೆಯಲ್ಲಿ ಟೆಟ್ಲಿ ನಿಜವಾಗಿಯೇ ಭೂಮಿ ಸುತ್ತಿ, ದಣಿದ, ಬಿರುಕು ಬಿಟ್ಟ ದೋಣಿಯಲ್ಲಿ ಮನೆಯ ಹತ್ತಿರ ಬರುತ್ತಿದ್ದ. ಹಿಂದೆ ಕ್ರೌಹರ್ಸ್ಟ್ ವೇಗವಾಗಿ ಬರುತ್ತಿದ್ದಾನೆಂಬ ಸುದ್ದಿ ನಂಬಿ ದೋಣಿಯನ್ನು ಒತ್ತಾಯದಿಂದ ಓಡಿಸಿದ. 1969ರ ಮೇ ತಿಂಗಳಲ್ಲಿ ಅಜೋರ್ಸ್ ಬಳಿ ದೋಣಿ ಒಡೆದು ಮುಳುಗಿತು. ಅವನನ್ನು ರಕ್ಷಿಸಿದರು. ಸುಳ್ಳು ಬರೆದವನ ದೋಣಿ ಇನ್ನೂ ತೇಲುತ್ತಿತ್ತು. ಮುಳುಗಿದ್ದು ಅದನ್ನು ನಂಬಿದವನದು.

ನಮ್ಮ ಮನೆಯಲ್ಲಿ ಆದದ್ದೂ ಹೀಗೆಯೇ, ಸಣ್ಣ ಪ್ರಮಾಣದಲ್ಲಿ. ನಮ್ಮ ಮುಂಬಾಗಿಲಿಗೆ ಎರಡು ಚಿಲಕ. ಕೆಳಗಿನದು ಅಜ್ಜಿಗೆ ಎಟುಕುತ್ತದೆ. ಮೇಲಿನದು ತುಕ್ಕು ಹಿಡಿದು ಬಿಗಿಯಾಗಿದ್ದರಿಂದ ಹಾಕುವುದನ್ನೇ ಬಿಟ್ಟಿದ್ದೆವು. ಒಂಬತ್ತು ದಿನದ ನಂತರ, ಅಮ್ಮನ ಪಾಳಿಯಲ್ಲಿ, ಅಮ್ಮ ಒಳಗಿನ ಕೋಣೆಯ ಮೇಜಿನಲ್ಲಿ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ವಾರದಿಂದ ಅಜ್ಜಿ ಬಾಗಿಲ ಕಡೆ ಹೋಗಿಲ್ಲವೆಂದು ಪುಸ್ತಕ ಹೇಳುತ್ತಿತ್ತಲ್ಲ. ಅಂದು ಗೇಟಿನ ಕೊಂಡಿ ಸಡಿಲವಾಗಿತ್ತು. ಅಜ್ಜಿ ಅನಿಕೇತನ ರಸ್ತೆಯವರೆಗೆ ನಡೆದಳು. ಫುಟ್‌ಪಾತಿನ ಎದ್ದ ಕಲ್ಲಿಗೆ ಎಡವಿ ಬಿದ್ದಳು. ಮೂಲೆಯ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ನೋಡಿ, ಕುರ್ಚಿ ತಂದು ಕೂರಿಸಿ, ಅಕ್ಕಪಕ್ಕ ವಿಚಾರಿಸಿ ಮನೆಗೆ ಕರೆತಂದರು. ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು.

ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದ ಮೇಲೆ ಅಮ್ಮ ಅತ್ತಳು. “ನಾನೇ ಪೇಪರ್ ಹಿಡ್ಕೊಂಡು ಕೂತುಬಿಟ್ಟೆ” ಎಂದು ಮತ್ತೆ ಮತ್ತೆ ಹೇಳಿದಳು. ನಾನು ಅವಳ ಬೆನ್ನು ಸವರಿದೆ. “ಇರ್ಲಿ ಬಿಡಮ್ಮ, ನಿಂದೇನು ತಪ್ಪಿಲ್ಲ” ಎಂದೆ. ಅದು ನಿಜವಾಗಿಯೂ ನಿಜ. ಆದರೆ ಏಕೆ ನಿಜ ಎಂಬುದನ್ನು ಹೇಳಲಿಲ್ಲ. ಸಮಾಧಾನ ಹೇಳುವವಳಾಗಿ ಅವಳ ಪಕ್ಕ ಕುಳಿತಿದ್ದೆ. ಹಾಗೆ ಹನ್ನೊಂದು ದಿನ.

ನನ್ನ ಪ್ರಬಂಧದ ಎರಡನೆಯ ಅಧ್ಯಾಯ ನೈತಿಕ ಅದೃಷ್ಟದ ಬಗ್ಗೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎತ್ತಿದ ಪ್ರಶ್ನೆ: ಇಬ್ಬರು ಚಾಲಕರು ಒಂದೇ ರೀತಿ ಅಜಾಗರೂಕರು, ಒಬ್ಬನ ಗಾಡಿಗೆ ಮಗು ಅಡ್ಡ ಬಂತು, ಇನ್ನೊಬ್ಬನಿಗೆ ಬರಲಿಲ್ಲ. ಇಬ್ಬರ ತಪ್ಪು ಒಂದೇ ಅಲ್ಲವೇ? ಹಾಗಿದ್ದೂ ಒಬ್ಬನನ್ನು ಮಾತ್ರ ನಾವು ಹೆಚ್ಚು ದೂರುವುದೇಕೆ? ಈ ಪ್ರಶ್ನೆಯ ಮೇಲೆ ಇಪ್ಪತ್ತೆಂಟು ಪುಟ ಬರೆದಿದ್ದೆ. ಆ ಹನ್ನೊಂದು ದಿನ ನಾನು ಅದರಲ್ಲಿ ನನಗೆ ಬೇಕಾದ ಉತ್ತರ ಹುಡುಕುತ್ತಿದ್ದೆ. ಅಜ್ಜಿ ಬೀಳದಿದ್ದರೆ ನನ್ನ ಸಾಲು ಯಾರಿಗೂ ನೋವು ಮಾಡದ ಸಾಲಾಗಿ ಉಳಿಯುತ್ತಿತ್ತು; ಬಿದ್ದದ್ದು ಅದೃಷ್ಟ; ಅದೃಷ್ಟಕ್ಕೆ ನಾನು ಹೊಣೆಯಲ್ಲ. ವಾದದಲ್ಲಿ ಎಲ್ಲೂ ಬಿರುಕಿರಲಿಲ್ಲ. ಆದರೆ ಪ್ಲಾಸ್ಟರಿನ ಕೈಯಿಂದ ಊಟ ಮಾಡಲಾಗದ ಅಜ್ಜಿಗೆ ಅಮ್ಮ ಮೊಸರನ್ನ ತಿನ್ನಿಸುವಾಗ ಆ ವಾದ ಕೆಲಸಕ್ಕೆ ಬರುತ್ತಿರಲಿಲ್ಲ.

ಎರಡನೆಯ ಸಮರ್ಥನೆ ಇದಕ್ಕಿಂತ ಮೃದುವಾದದ್ದು. ಅಮ್ಮನಿಗೆ ಸುಮ್ಮನೆ ಯಾಕೆ ಆತಂಕ, ಅವಳಿಗೆ ಮೊದಲೇ ಸಾಕಾಗಿದೆ, ಪ್ರೀತಿಯಿಂದಲೇ ಮುಚ್ಚಿಟ್ಟೆ ಎಂಬುದು. ಮನೆ ಎಂದರೆ ಹಡಗಲ್ಲ, ಎಲ್ಲವನ್ನೂ ಬರೆದಿಟ್ಟು ಒಪ್ಪಿಸಬೇಕಾಗಿಲ್ಲ ಎಂದು ನೀವೂ ಹೇಳಬಹುದು. ಒಪ್ಪುತ್ತೇನೆ. ಎಷ್ಟೋ ರಾತ್ರಿ ನಾನು ಆ ಕುರ್ಚಿಯಲ್ಲಿ ಅತ್ತಿದ್ದೇನೆ; ಅದನ್ನು ಪುಸ್ತಕದಲ್ಲಿ ಬರೆದಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಆದರೆ ಅಜ್ಜಿ ಬಾಗಿಲು ತೆಗೆದದ್ದು ಬೇರೆ ಜಾತಿಯ ಸಂಗತಿ. ಅದರ ಮೇಲೆ ಅಮ್ಮ ಮುಂದಿನ ಹೆಜ್ಜೆ ಇಡಬೇಕಿತ್ತು. ಅವಳ ಹೆಜ್ಜೆ ಯಾವುದರ ಮೇಲೆ ನಿಲ್ಲುತ್ತದೋ ಅದನ್ನು ಮುಚ್ಚಿಟ್ಟು, ಅವಳ ಒಳ್ಳೆಯದಕ್ಕೇ ಮಾಡಿದೆ ಎನ್ನುವುದು ಪ್ರೀತಿಯಾಗಲಾರದು.

ದ್ರೋಣಪರ್ವದ ಆ ಪ್ರಸಂಗವನ್ನು ಈಗ ಬೇರೆ ಥರ ಓದುತ್ತೇನೆ. ಅಶ್ವತ್ಥಾಮ ಸತ್ತನೆಂದು ಎಲ್ಲರೂ ಕೂಗುತ್ತಿದ್ದರೂ ದ್ರೋಣ ಯುಧಿಷ್ಠಿರನನ್ನೇ ಕೇಳಿದ. ಅವನ ಮಾತಿನ ಮೇಲೆ ಶಸ್ತ್ರ ಕೆಳಗಿಡಬಹುದು ಎಂಬ ನಂಬಿಕೆಯಿಂದ. ಯುಧಿಷ್ಠಿರ ಆನೆಯ ಮಾತನ್ನು ಮೆಲ್ಲಗೆ ಸೇರಿಸಿದ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಚಲಿಸುತ್ತಿದ್ದ ಅವನ ರಥ ನೆಲಕ್ಕೆ ತಾಗಿತು. ವ್ಯಾಕರಣದ ಪ್ರಕಾರ ಅವನು ಸುಳ್ಳು ಹೇಳಲಿಲ್ಲ. ಇನ್ನೊಬ್ಬ ತನ್ನ ಕೈಯಲ್ಲಿ ಇಟ್ಟ ಎಚ್ಚರವನ್ನು ಬಳಸಿಕೊಂಡ.

ಹನ್ನೆರಡನೆಯ ದಿನ ರಾತ್ರಿ ಎರಡು ಗಂಟೆಗೆ ಅಮ್ಮ ನನ್ನನ್ನು ಎಬ್ಬಿಸಿದಾಗ ಹೇಳಿದೆ. ಪುಸ್ತಕ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. ಬಯ್ಯುತ್ತಾಳೆಂದುಕೊಂಡಿದ್ದೆ. ತುಂಬಾ ಹೊತ್ತಿನ ಮೇಲೆ ಒಂದೇ ಮಾತು ಹೇಳಿದಳು: “ಬರ್ದಿದ್ರೆ ಮೇಲಿನ ಚಿಲಕ ಸರಿ ಮಾಡಿಸ್ತಿದ್ದೆ ಕಣೆ, ಅಷ್ಟೆ.”

ಆ ‘ಅಷ್ಟೆ’ಯನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ನಾನು ನಿದ್ದೆ ಮಾಡಿದ್ದು ಅವಳಿಗೆ ತಪ್ಪೆಂದು ಕಾಣಲೇ ಇಲ್ಲ. ನಿದ್ದೆ ಬರುವುದು ದೇಹದ ಧರ್ಮ. ಅದಕ್ಕೆ ಚಿಲಕದಂಥ ಪರಿಹಾರಗಳಿವೆ. ಪುಸ್ತಕದ ಆ ಸಾಲಿಗೆ ಅಂಥ ಪರಿಹಾರವಿರಲಿಲ್ಲ, ಏಕೆಂದರೆ ಸರಿಪಡಿಸಬೇಕಾದದ್ದು ಇದೆಯೆ ಎಂಬುದನ್ನೇ ಅದು ಅಳಿಸಿಬಿಟ್ಟಿತ್ತು.

ಸ್ವಲ್ಪ ಹೊತ್ತು ಬಿಟ್ಟು ಅಮ್ಮ ಇನ್ನೊಂದು ಮಾತು ಕೇಳಿದಳು: “ನನ್ನ ಕಂಡ್ರೆ ಅಷ್ಟು ಭಯಾನಾ?” ಇದಕ್ಕೆ ನನ್ನಲ್ಲಿ ಉತ್ತರವಿತ್ತು, ಕೊಡಲಿಲ್ಲ. ಡಿಸೆಂಬರಿನ ಒಂದು ಬೆಳಗ್ಗೆ ನಾನು ಮಾತ್ರೆ ಕೊಡಲು ಮರೆತಾಗ ಅವಳು ದಣಿವಿನಲ್ಲಿ, “ಇಷ್ಟೂ ಆಗಲ್ವಾ ನಿನ್ ಕೈಲಿ?” ಎಂದಿದ್ದಳು. ಅವಳಿಗೆ ಅದು ನೆನಪಿಲ್ಲ. ಫೆಬ್ರವರಿಯ ಆ ರಾತ್ರಿ ಪೆನ್ನು ಹಿಡಿದು ಕುಳಿತಾಗ ನನ್ನ ಕಿವಿಯಲ್ಲಿದ್ದುದು ಅದೇ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಕ್ರೌಹರ್ಸ್ಟ್‌ನ ಸುಳ್ಳಿಗೆ ಅವನೇ ಹೊಣೆ. ಆದರೆ ಸೋತು ವಾಪಸು ಬಂದೆ ಎಂದು ಬರೆದರೆ ಮನೆಯೇ ಹೋಗುವಂಥ ಒಪ್ಪಂದಕ್ಕೆ ಅವನ ಕೈಯಲ್ಲಿ ಸಹಿ ಹಾಕಿಸಿದ ಜಗತ್ತೂ ಅಲ್ಲಿತ್ತು. ಆ ಸ್ಪರ್ಧೆ ಮುಗಿಸಿದ ಒಬ್ಬನೇ ಒಬ್ಬ ರಾಬಿನ್ ನಾಕ್ಸ್-ಜಾನ್ಸ್ಟನ್, ತನಗೆ ಬಂದ 5,000 ಪೌಂಡ್ ಬಹುಮಾನವನ್ನು ಕ್ರೌಹರ್ಸ್ಟ್‌ನ ಕುಟುಂಬಕ್ಕೆ ಕೊಟ್ಟುಬಿಟ್ಟ. ಅವನಿಗೆ ಇದು ಅರ್ಥವಾಗಿತ್ತೆಂದು ಕಾಣುತ್ತದೆ.

ನಿಜ ಬರೆಯುವುದು ಪಾಳಿಯಲ್ಲಿರುವವರ ಕರ್ತವ್ಯವಾದರೆ, ನಿಜವನ್ನು ಓದಿ ತಡೆದುಕೊಳ್ಳುವುದು ಪಾಳಿ ವಹಿಸಿಕೊಳ್ಳುವವರದು. ಎರಡನೆಯದಿಲ್ಲದ ದೋಣಿಯಲ್ಲಿ ಮೊದಲನೆಯದು ಬಹಳ ದಿನ ಉಳಿಯುವುದಿಲ್ಲ. ಹಾಗೆಂದು ಎರಡನೆಯದಕ್ಕೆ ಕಾಯುತ್ತಾ ಮೊದಲನೆಯದನ್ನು ನಿಲ್ಲಿಸುವಂತೆಯೂ ಇಲ್ಲ.

ಇದು ಸರಿಯಾಗಿ ನಡೆದ ಒಂದು ಉದಾಹರಣೆಯೂ ಇದೆ. ಹಳೆಯ ಸ್ಪರ್ಧೆಯ ಐವತ್ತನೆಯ ವರ್ಷಕ್ಕೆ 2018ರಲ್ಲಿ ಅದನ್ನು ಮತ್ತೆ ನಡೆಸಿದರು. ಹಳೆಯ ಕಾಲದ ಸಲಕರಣೆಗಳಲ್ಲೇ ಹೋಗಬೇಕೆಂಬ ನಿಯಮ. ಅಭಿಲಾಷ್ ಟಾಮಿ ‘ತುರಿಯಾ’ ಎಂಬ ದೋಣಿಯಲ್ಲಿ ಹೊರಟಿದ್ದರು. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ದೋಣಿ ಮಗುಚಿ ಎದ್ದಿತು, ಕೂವೆಮರಗಳು ಮುರಿದವು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಇದ್ದ ಸ್ಥಿತಿಯನ್ನು ಇದ್ದ ಹಾಗೆ, ಕೆಲವೇ ಪದಗಳಲ್ಲಿ ತಿಳಿಸಿದರು: ಏಳಲು ಆಗುತ್ತಿಲ್ಲ. ಸ್ಪರ್ಧೆಯ ಇನ್ನೊಬ್ಬ ನಾವಿಕ, ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್, ಅದೇ ಬಿರುಗಾಳಿಯಲ್ಲಿ ತನ್ನ ಕೂವೆಮರಗಳನ್ನೂ ಕಳೆದುಕೊಂಡಿದ್ದ. ಆದರೂ ಉಳಿದದ್ದರಲ್ಲಿ ತಾತ್ಕಾಲಿಕ ಹಾಯಿ ಕಟ್ಟಿಕೊಂಡು ಅಭಿಲಾಷ್ ಇದ್ದ ಕಡೆಗೆ ಹೊರಟ. ಫ್ರೆಂಚ್ ಮೀನುಗಾರಿಕಾ ಗಸ್ತು ನೌಕೆ ಒಸಿರಿಸ್ ಸೆಪ್ಟೆಂಬರ್ 24ರಂದು ಅಭಿಲಾಷ್‌ರನ್ನು ತಲುಪಿತು, ಆಮೇಲೆ ಗ್ರೆಗರ್‌ನನ್ನೂ ಹತ್ತಿಸಿಕೊಂಡಿತು. ಆ ದೊಡ್ಡ ನೀರಿನಲ್ಲಿ ಇಷ್ಟು ಜನ ಒಂದು ಬಿಂದುವಿನ ಕಡೆಗೆ ತಿರುಗಿದ್ದು ಒಂದು ಸತ್ಯವಾದ ಸಂದೇಶದ ಮೇಲೆ. ಏಳಲಾಗುತ್ತಿಲ್ಲ ಎಂದು ಹೇಳಿದ ಅದೇ ಅಭಿಲಾಷ್ 2022ರಲ್ಲಿ ಮತ್ತೆ ಆ ಸ್ಪರ್ಧೆಗೆ ಹೊರಟು, 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಮುಗಿಸಿದರು.

ಮಾರನೆಯ ದಿನ ಅಮ್ಮ ಬಡಗಿಯನ್ನು ಕರೆಸಿ ಮೇಲಿನ ಚಿಲಕ ಬದಲಾಯಿಸಿದಳು. ನೋಟ್‌ಬುಕ್ಕಿನಲ್ಲಿ ಸ್ಕೇಲು ಇಟ್ಟು ಹೊಸ ಕಾಲಂ ಎಳೆದಳು, ಟೀಚರಲ್ಲವೇ. ಅದರ ಮೇಲೆ ಬರೆದಳು: ‘ನಮಗೆ ನಿದ್ದೆ ಬಂದ ಹೊತ್ತು.’ ಮೊದಲ ವಾರ ನಾವಿಬ್ಬರೂ ಅದನ್ನು ಖಾಲಿ ಬಿಟ್ಟೆವು. ಎಂಟನೆಯ ರಾತ್ರಿ ಮೊದಲು ಬರೆದವಳು ಅಮ್ಮನೇ: ‘11.30ರಿಂದ ಸುಮಾರು 12.’ ಮರುದಿನ ನಾನೂ ಬರೆದೆ.

ತಾರಿಣಿ 2025ರ ಮೇ 29ರಂದು ಗೋವಾಕ್ಕೆ ಮರಳಿತು, ಎಂಟು ತಿಂಗಳ ನಂತರ. ಅವರಿಬ್ಬರು ದೋಣಿಯಿಂದ ಇಳಿಯುವ ದೃಶ್ಯವನ್ನು ಅಜ್ಜಿಗೆ ಫೋನಿನಲ್ಲಿ ತೋರಿಸಿದೆ. ಅವಳು ನೋಡಿದ್ದು ಅವರ ಹಿಂದಿದ್ದ ನೀರನ್ನು. “ಇಷ್ಟೊಂದು ನೀರು ಬಿಟ್ಟವ್ರಾ!” ಎಂದಳು.

ಅಜ್ಜಿ ಈಗಲೂ ಏಳುತ್ತಾಳೆ. ನಿನ್ನೆ ರಾತ್ರಿ ಮೂರರ ಹೊತ್ತಿಗೆ ಕೇಳಿದಳು, “ಈಗ ಯಾರ ಪಾಳಿ ಮಗ?”

“ನಂದು ಅಜ್ಜಿ. ನೀನು ಮಲಕ್ಕೋ.”

ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಪುಸ್ತಕದಲ್ಲಿ ಬರೆದೆ: ‘3.05: ಎದ್ದಿದ್ದಳು. ಬಾಗಿಲವರೆಗೆ ಹೋಗಿ ಬಂದಳು. 3.20: ಮಲಗಿದಳು. ನನಗೆ ನಿದ್ದೆ: 4ರಿಂದ 4.25.’